ಉಪ್ಪಿನ ಬಯಲಲ್ಲಿ ಬೂದಿ

ಏಪ್ರಿಲ್ ೧೭

ಇವತ್ತೂ ಲೇಟ್. ಅಂಗಡಿಯಲ್ಲಿ ಒಂದು ಬೈಫೋಕಲ್ ಲೆನ್ಸ್ ಕೈಕೊಟ್ಟಿತು. ಫ್ರೇಮಿಗೆ ಕೂರಿಸುವಾಗ ಅಂಚಿನಲ್ಲಿ ಚಕ್ಕೆ ಎದ್ದಿತು. ಮತ್ತೆ ಮೊದಲಿಂದ ಉಜ್ಜಿದೆ. ಹಿಂದಿನ ಕೋಣೆಗೆ ಕಿಟಕಿಯಿಲ್ಲ, ಫ್ಯಾನ್ ಹಾಕಿದರೆ ಗಾಜಿನ ಪುಡಿ ಕಣ್ಣಿಗೆ. ಹತ್ತೊಂಬತ್ತು ವರ್ಷದಿಂದ ಅದೇ ಕೋಣೆ. ಊರಿಗೆಲ್ಲ ಕಣ್ಣು ಕೊಟ್ಟಿದ್ದೇನೆ, ನನ್ನನ್ನು ನೋಡಿದವರು ಕಡಿಮೆ.

ಅಲ್ಲಿಂದ ಸೀದಾ ನನ್ನ ತಮ್ಮನ ಕುದುರೆ ಲಾಯ. ಲಾರಿ ರಿಪೇರಿ ಶೆಡ್ಡುಗಳ ಹಿಂದಿನ ಮಣ್ಣಿನ ರಸ್ತೆ ಕೆಂಡ ಹಾಸಿದ ಹಾಗಿತ್ತು. ಅವನು ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ, ಊರುಗೋಲು ತೊಡೆಯ ಮೇಲೆ. ಬೂದಿಗೆ ಆಗಲೇ ಜೀನು ಬಿಗಿದಿತ್ತು. ಬೂದಿ ಬಣ್ಣದ ಹೆಣ್ಣು ಕುದುರೆ, ಹಾಗಾಗಿ ಬೂದಿ. ಹುಟ್ಟಿದ ದಿನ ಅವನೇ ಇಟ್ಟ ಹೆಸರು, ಅವನ ಕೈಗೇ ಬಿದ್ದ ಮರಿ.

"ಬೆನ್ನು ನೆಟ್ಟಗೆ ಮಾಡು ಅಕ್ಕ! ಸಿಮೆಂಟ್ ಮೂಟೆ ಹೇರಿದ ಹಾಗಿದೆ."

"ಮೂಟೆ ಇಳಿದು ಬಂದು ಬಾರಿಸುತ್ತೆ ನೋಡು."

ನಕ್ಕ. ಈಚೆಗೆ ಅವನು ನಗುವುದು ಬೂದಿ ಓಡುವಾಗ ಮಾತ್ರ.

ಏಪ್ರಿಲ್ ೨೪

ಅಮ್ಮ ಮಾತು ಬಿಟ್ಟಿದ್ದಾರೆ. ಅಂದರೆ ನನ್ನ ಜೊತೆ. ಪಾತ್ರೆಗಳ ಜೊತೆ ಜೋರಾಗಿಯೇ ಮಾತಾಡುತ್ತಿದ್ದಾರೆ.

"ಒಬ್ಬನ ಸೊಂಟ ಮುರಿದಿದ್ದು ಸಾಲದು. ಈಗ ಇವಳದ್ದೂ ಮುರೀಬೇಕು. ಇಬ್ಬರನ್ನೂ ಎತ್ತಿ ಕೂರಿಸೋಕೆ ನಾನಿದ್ದೀನಲ್ಲ."

ಮುಂದಿನ ತಿಂಗಳು ನಾನು ಬೂದಿಯ ಮೇಲೆ ಹೋಗುವ ರೇಸಿಗೇ ಹೋದ ವರ್ಷ ತಮ್ಮ ಹೋಗಿದ್ದ. ಒಣಗಿದ ಉಪ್ಪಿನ ಕೆರೆಯ ಸುತ್ತ, ಮಧ್ಯೆ, ಐದು ದಿನ ಕುದುರೆಯ ಮೇಲೆ. ತಮ್ಮ ಎರಡನೇ ದಿನ ಮುಂದಿದ್ದ. ಇಳಿಜಾರಿನಲ್ಲಿ ಹಿಂದಿನವನ ಕುದುರೆ ಮುಗ್ಗರಿಸಿ ಇವನ ಮೇಲೆ ಬಿತ್ತು. ಬೂದಿಗೆ ಒಂದು ಗೀರೂ ಇಲ್ಲ, ಇವನ ಸೊಂಟ ಪುಡಿ. ತಪ್ಪು ಮಾತ್ರ ಬೂದಿಯ ತಲೆಗೆ ಬಂತು. ಬೆದರುವ ಕುದುರೆಯಂತೆ, ಕಾಲ್ಗುಣ ಸರಿಯಿಲ್ಲವಂತೆ, ಪಳಗಿಸಿದವನಿಗೇ ಹೀಗಾದರೆ ಬೇರೆಯವರ ಗತಿ ಏನಂತೆ. ಅಲ್ಲಿಂದ ಅವನ ಲಾಯಕ್ಕೆ ಪಳಗಿಸಲು ಒಂದು ಕುದುರೆಯೂ ಬಂದಿಲ್ಲ. ಖಾಲಿ ಕೊಟ್ಟಿಗೆಗಳನ್ನು ದಿನವೂ ಗುಡಿಸುತ್ತಾನೆ. 

ಅವನು ಇನ್ನು ಹತ್ತುವ ಹಾಗಿಲ್ಲ. ಬೂದಿಯನ್ನು ಬಲ್ಲವಳು ನಾನೊಬ್ಬಳೇ. ಅಮ್ಮನಿಗೆ ಇಷ್ಟು ಹೇಳಿದೆ. ಇನ್ನೊಂದು ಹೇಳಲಿಲ್ಲ — ನನಗೂ ಆಸೆ ಇದೆ. ಶಾಲೆಯಲ್ಲೂ ಮಧ್ಯದ ಬೆಂಚಿನವಳು ನಾನು. ಒಂದು ಸಲವಾದರೂ ಮುಂದೆ ಯಾರೂ ಇಲ್ಲದ ದಾರಿ ಹೇಗಿರುತ್ತದೆ, ನೋಡಬೇಕು.

ಮೇ ೫, ಸಂಜೆ

ಬೇಸ್ ಕ್ಯಾಂಪ್. ಬಂದಾಗಿನಿಂದ ಗಾಳಿ. ನಿಲ್ಲುವುದೇ ಇಲ್ಲ. ಡೇರೆಯ ಹಗ್ಗಗಳು ಗುಂಯ್ ಎನ್ನುತ್ತವೆ, ಯಾರೋ ದೂರದಲ್ಲಿ ಒಂದೇ ಸ್ವರ ಹಿಡಿದು ಅಳುತ್ತಿರುವ ಹಾಗೆ. ಬಾಯಿ ತೆರೆದರೆ ಉಪ್ಪು. ಕೆರೆ ಎಂದರೆ ಹೆಸರಿಗೆ, ಒಂದು ತೊಟ್ಟು ನೀರಿಲ್ಲ. ಬೆಳ್ಳಗೆ, ಚಪ್ಪಟೆ, ಕೊನೆಯೇ ಕಾಣದು. ಒಂದು ಹಕ್ಕಿಯೂ ಇಲ್ಲ.

ನೀರಿನ ಟ್ಯಾಂಕರಿನ ಡ್ರೈವರ್ ಬಕೆಟ್ ತುಂಬಿಸುತ್ತ ಹೇಳಿದ — "ಈ ಗಾಳಿ ಜೂನಲ್ಲಿ ಬರೋದಮ್ಮ. ಈಗಲೇ ಬಂದುಬಿಟ್ಟಿದೆ. ನಾನಂತೂ ನಾಲ್ಕನೇ ದಿನ ಒಳಗೆ ಗಾಡಿ ತರಲ್ಲ ಅಂತ ಹೇಳಿಬಿಟ್ಟಿದ್ದೀನಿ." ನಾಲ್ಕನೇ ದಿನವೇ ಕೆರೆಯನ್ನು ಅಡ್ಡ ಹಾಯುವುದು. ರೇಸಿನ ಚೀಫ್ ಕೇಳಿಸಿಕೊಂಡು ನಕ್ಕರು. "ಪ್ರತಿ ವರ್ಷ ಇವನದ್ದು ಇದೇ ಪುರಾಣ."

ಮೂವರು ಆಗಲೇ ಕುದುರೆಗಳನ್ನು ಟ್ರೈಲರಿಗೆ ಹತ್ತಿಸಿಕೊಂಡು ಹೊರಟರು. ತಮ್ಮ ಅವರನ್ನು ನೋಡಿ "ಪುಕ್ಕಲರು" ಎಂದ. ಆಮೇಲೆ ಬಹಳ ಹೊತ್ತು ಅವರ ಗಾಡಿಯ ಧೂಳನ್ನೇ ನೋಡುತ್ತಿದ್ದ.

ಡಾಕ್ಟರಮ್ಮ ಬೂದಿಯನ್ನು ಪರೀಕ್ಷೆ ಮಾಡಿದರು. ಕುದುರೆ ಡಾಕ್ಟರ್ — ಚಿಕ್ಕ ವಯಸ್ಸು, ದೊಡ್ಡ ದನಿ. ಎದೆಬಡಿತ ಕೇಳಿ, ಕುತ್ತಿಗೆಯ ಚರ್ಮ ಚಿವುಟಿ, ವಸಡು ಒತ್ತಿ, ಕೊನೆಗೆ ಹಗ್ಗ ಹಿಡಿದು ನೇರಕ್ಕೆ ಓಡಿಸಿ ನೋಡಿದರು. ದಿನಕ್ಕೆ ಮೂರು ಕಡೆ ಇದೇ ಪರೀಕ್ಷೆ. ಎದೆಬಡಿತ ಇಳಿಯದಿದ್ದರೆ ಅಥವಾ ಕಾಲು ಕುಂಟಿದರೆ ಅಲ್ಲಿಗೆ ಮುಗಿಯಿತು, ಮನೆಗೆ.

"ಚೆನ್ನಾಗಿದ್ದಾಳೆ. ಹೀಗೇ ವಾಪಸ್ ತನ್ನಿ," ಎಂದರು.

ಮೇ ೬, ಸಂಜೆ

ಮೊದಲ ದಿನ. ತೊಡೆ ಎರಡೂ ನನ್ನವಲ್ಲ.

ಬೂದಿ ಬಾಣದ ಹಾಗೆ ಹೋದಳು. ನಾನೇ ಎಳೆದು ಹಿಡಿದೆ. ಅರ್ಧ ದಾರಿ ಮೇಷ್ಟ್ರ ಜೊತೆ. ರಿಟೈರಾದ ಲೆಕ್ಕದ ಮೇಷ್ಟ್ರು, ಎಪ್ಪತ್ತರ ಹತ್ತಿರ, ಹಳದಿ ಬಣ್ಣದ ದಪ್ಪ ಕುದುರೆ. ಅದಕ್ಕೆ ಸೋಮಾರಿ ಎಂದು ಹೆಸರು.

"ಪ್ರತಿ ವರ್ಷ ಕೊನೆಗೇ ಬರೋದು ನಾವು," ಎಂದರು. "ಆದ್ರೆ ಬರ್ತೀವಮ್ಮ. ಬರೋದೇನೂ ಬಿಟ್ಟಿಲ್ಲ."

ಎರಡನೇ ತಪಾಸಣೆಯ ಹತ್ತಿರ ಒಂದು ಕರೀ ಕುದುರೆ ಬಿದ್ದಿತ್ತು. ಹೊಟ್ಟೆನೋವು. ಕಾಲು ಝಾಡಿಸುತ್ತಿತ್ತು, ಆಮೇಲೆ ಝಾಡಿಸುವುದು ನಿಂತಿತು. ಅದರ ಸವಾರ ಹುಡುಗಿ ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದಳು, ಯಾರು ಕರೆದರೂ ತಿರುಗಲಿಲ್ಲ. ತಮ್ಮ ನನಗೂ ಆ ಕುದುರೆಗೂ ಮಧ್ಯೆ ಬಂದು ನಿಂತ. "ಅಲ್ಲಿ ನೋಡ್ಬೇಡ. ನೀರು ಹಾಕು. ಕುತ್ತಿಗೆ ಮೇಲೆ, ಇನ್ನೂ, ಇನ್ನೂ."

ನಾನು ಮೂರನೆಯವಳು!

ಮೇ ೭, ಸಂಜೆ

ಎರಡನೇ ಸ್ಥಾನ. ಖುಷಿಯಿಂದ ಬರೆಯಬೇಕು. ಬರುತ್ತಿಲ್ಲ.

ಕಲ್ಲಿನ ದಾರಿ ಇವತ್ತು. ಕೊನೆಯ ತಪಾಸಣೆಯಲ್ಲಿ ಬೂದಿಯನ್ನು ಓಡಿಸಿದಾಗ ತಲೆ ಒಂಚೂರು ಮೇಲೆ-ಕೆಳಗೆ. ಬಲ ಮುಂಗಾಲು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

"ಇನ್ನೊಂದ್ಸಲ ಓಡ್ಸಿ."

ಓಡಿಸಿದೆ.

"ಹೂಂ... ಇವತ್ತಿಗೆ ಬಿಡ್ತೀನಿ. ಬೆಳಿಗ್ಗೆ ಹೊರಡೋಕ್ಕೆ ಮುಂಚೆ ನೋಡ್ತೀನಿ. ಹೀಗೇ ಇದ್ರೆ ಇಲ್ಲ."

ತಮ್ಮ ಬೂದಿಯ ಕಾಲನ್ನು ಬಕೆಟ್ಟಿನ ಐಸ್ ನೀರಿನಲ್ಲಿ ಇಳಿಸಿ, ನೆಲದಲ್ಲಿ ಕೂತು, ಮಂಡಿಯಿಂದ ಗೊರಸಿನವರೆಗೆ ನೀವುತ್ತಿದ್ದಾನೆ. ಅವನಿಗೆ ನೆಲದಲ್ಲಿ ಕೂರುವುದೆಂದರೆ ಜೀವ ಹೋದ ಹಾಗೆ, ಆದರೂ ಏಳುತ್ತಿಲ್ಲ. ಅವಳ ಕಿವಿಯಲ್ಲಿ ಏನೋ ಹೇಳುತ್ತಾನೆ. ನನ್ನ ಮುಖ ನೋಡಿ "ಸ್ನಾಯು ಬಿಗಿದಿದೆ ಅಷ್ಟೇ" ಎಂದ. ನಾನು ಕೇಳಿರಲಿಲ್ಲ.

ಗಾಳಿ ದಿಕ್ಕು ಬದಲಿಸಿದೆ. ಈಗ ಕೆರೆಯ ಕಡೆಯಿಂದ.

ಮೇ ೮, ಬೆಳಿಗ್ಗೆ

ಪಾಸ್. ಬೂದಿ ಹೂವಿನ ಮೇಲೆ ಕಾಲಿಟ್ಟ ಹಾಗೆ ಓಡಿದಳು. ಡಾಕ್ಟರಮ್ಮ ಎರಡು ಸಲ ನೋಡಿ ತಲೆಯಾಡಿಸಿದರು. ಆಶ್ಚರ್ಯವಾಯಿತೇನೋ. ನನಗೂ.

ತಮ್ಮನಿಗೆ ಹೇಳೋಣವೆಂದು ತಿರುಗಿದೆ. ಜೀಪಿನೊಳಗೆ ಏನೋ ಹುಡುಕುತ್ತಿದ್ದ. ತಿರುಗಲಿಲ್ಲ. ಹೊರಟೆ.

ಅದೇ ದಿನ, ಮಧ್ಯಾಹ್ನದ ವಿರಾಮ

ಹೊರಡುವ ಮುಂಚೆ ಇಷ್ಟು ಬರೆದಿಡುತ್ತೇನೆ. 

ಬೂದಿಯ ಬೂಸದ ಬಕೆಟ್ ತೊಳೆಯಲು ಹೋದೆ. ತಳದಲ್ಲಿ ಬಿಳಿ ಪ್ಲಾಸ್ಟಿಕ್ ಮುಚ್ಚಳ. ನೋವಿನ ಪೇಸ್ಟಿನ ಟ್ಯೂಬಿನದು. ಲಾಯದ ಕಪಾಟಿನಲ್ಲಿ ಯಾವಾಗಲೂ ಇರುತ್ತದೆ, ನೂರು ಸಲ ನೋಡಿದ್ದೇನೆ. ರೇಸಿನಲ್ಲಿ ನಿಷಿದ್ಧ. ನೋವು ಗೊತ್ತಾಗದ ಕುದುರೆ ಕಾಲು ಮುರಿಯುವವರೆಗೂ ಓಡುತ್ತದೆ ಎಂದು ನನಗೆ ಕಲಿಸಿದವನೇ ಅವನು.

ಮುಚ್ಚಳವನ್ನು ಅವನ ಅಂಗೈಯಲ್ಲಿ ಇಟ್ಟೆ.

ನೋಡಿದ. ಸುಳ್ಳು ಹೇಳಲಿಲ್ಲ.

"ಸ್ವಲ್ಪವೇ ಕೊಟ್ಟಿದ್ದು ಅಕ್ಕ. ಅರ್ಧ ಟ್ಯೂಬೂ ಇಲ್ಲ."

"ನಿನಗೆ ತಲೆ ಕೆಟ್ಟಿದೆಯಾ?"

"ಕಾಲು ಮುಟ್ಟಿ ನೋಡಿದ್ದೀನಿ. ಮೂಳೆ ಅಲ್ಲ, ನರವೂ ಅಲ್ಲ. ಬರೀ ಮಾಂಸದ ನೋವು. ನಂಗೆ ಗೊತ್ತಿಲ್ವಾ ಇವಳ ಕಾಲು? ಕೊನೇ ದಿನ ಕೊಡಲ್ಲ. ಔಷಧಿ ಪರೀಕ್ಷೆಗೆ ರಕ್ತ ತೆಗೆಯೋದು ಕೊನೆಗೆ, ಮುಂದೆ ಬಂದವರದ್ದು ಮಾತ್ರ."

"ಡಾಕ್ಟರಮ್ಮನಿಗೆ ಹೇಳ್ತೀನಿ."

"ಹೇಳು." ಗೋಲಿನ ಮೇಲೆ ಭಾರ ಬಿಟ್ಟು ನಿಂತ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಹೇಳಿಬಿಡು. ಕಾಲ್ಗುಣ ಸರಿಯಿಲ್ಲ ಅಂದೋರ ಮಾತೇ ಸರಿ ಅಂತಾಗುತ್ತೆ. ಇವಳನ್ನೂ ಮೂಲೆಗೆ ಹಾಕು, ನನ್ನೂ ಮೂಲೆಗೆ ಹಾಕು. ಆದ್ರೆ ಅಕ್ಕ... ನಿನ್ನ ಮುಂದೆ ಒಬ್ಬನೇ ಒಬ್ಬ ಇದ್ದಾನೆ. ಅವನ ಕುದುರೆ ಬಾಯಿ ಬಿಡ್ತಿದೆ. ನೋಡಿದೆ ನಾನು."

ನಾನೂ ನೋಡಿದ್ದೆ.

ಹೊರಡಲು ಕರೆಯುತ್ತಿದ್ದಾರೆ.

ಮೇ ೮, ಸಂಜೆ

ಹತ್ತಿದೆ. ಯಾರೂ ಹತ್ತಿಸಲಿಲ್ಲ, ನಾನೇ ಹತ್ತಿದೆ.

ಎರಡು ಗುಡ್ಡಗಳ ನಡುವೆ ಮುಂದಿನವನನ್ನು ದಾಟಿದೆ. ಆಮೇಲೆ ಮುಂದೆ ಯಾರೂ ಇಲ್ಲ. ದಾರಿ ಮಾತ್ರ. ಬಾವುಟಗಳು ಮಾತ್ರ. ಬೂದಿಯ ಎರಡು ಕಿವಿಗಳ ನಡುವೆ ಇಡೀ ಬಯಲು ನನ್ನದೇ. ಅದು ಎಷ್ಟು ಚೆನ್ನಾಗಿತ್ತು ಎಂದು ಬರೆಯಲು ನಾಚಿಕೆ. ಆದರೂ ಚೆನ್ನಾಗಿತ್ತು.

ಕ್ಯಾಂಪಿಗೆ ಬಂದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ತಮ್ಮ ಬೂದಿಯ ಕುತ್ತಿಗೆಗೆ ಹಣೆ ಹಚ್ಚಿ ನಿಂತ. ಹೋದ ವರ್ಷ ಲಾಯದ ಕಡೆ ಬರುವುದನ್ನೇ ಬಿಟ್ಟಿದ್ದ ಒಬ್ಬ ಕುದುರೆ ವ್ಯಾಪಾರಿ ಬಂದು ಅವನ ಕೈ ಕುಲುಕಿದ. ತಮ್ಮನ ಮುಖ ನೋಡಬೇಕಿತ್ತು.

ಬೂದಿ ನೀರಿಗೆ ಮೂತಿ ಇಟ್ಟಳು. ತುಟಿ ಒದ್ದೆಯಾಯಿತು, ಅಷ್ಟೇ. ಕುಡಿಯಲಿಲ್ಲ.

ನಾಳೆ ಕೆರೆ. ಟ್ಯಾಂಕರ್ ಡ್ರೈವರ್ ಹೇಳಿದಂತೆಯೇ ಸಂಜೆಗೇ ಗಾಡಿ ತಿರುಗಿಸಿಕೊಂಡು ಹೋದ. ಹೋಗುವಾಗ ನಮ್ಮ ಡ್ರಮ್ಮುಗಳನ್ನು ಕಂಠಮಟ್ಟ ತುಂಬಿಸಿದ. ಕೇಳದೆಯೇ.

ಮೇ ೯

ಹೊತ್ತು ಎಷ್ಟೋ. ಸೂರ್ಯ ಕಾಣುವುದಿಲ್ಲ.

ಕೆರೆಯ ಮಧ್ಯೆ ಉಪ್ಪು ತುಂಬುತ್ತಿದ್ದ ಹಳೇ ಶೆಡ್. ಮೂರು ಗೋಡೆ, ಅರ್ಧ ತಗಡು. ಬೂದಿ, ನಾನು, ಮೇಷ್ಟ್ರು, ಸೋಮಾರಿ. ಹೊರಗೆ ಗಾಳಿಯಲ್ಲ, ಬೇರೇನೋ. ತಗಡನ್ನು ಉಗುರಿನಿಂದ ಕೆರೆಯುತ್ತಿದೆ.

ಬೆಳಿಗ್ಗೆ ಬಿಳೀ ಬೆಳಕು. ಬೂದಿ ಹೊರಡುವಾಗಲೇ ಒಂಥರಾ. ತಮ್ಮ ಮತ್ತೆ ಕೊಟ್ಟಿದ್ದನೇ? ಕೇಳಲಿಲ್ಲ. ಕೇಳದಿರುವುದು ಎಷ್ಟು ಸುಲಭ. ಡಾಕ್ಟರಮ್ಮ ಮುಂದಿನ ತಪಾಸಣೆಯ ಜಾಗಕ್ಕೆ ಮೊದಲೇ ಹೋಗಿದ್ದರು, ಬೆಳಗಿನ ಪರೀಕ್ಷೆ ಬೇರೆಯವರು ಬೇಗಬೇಗ ಮುಗಿಸಿದರು. ಉಪ್ಪಿನ ಮೇಲೆ ಮೊದಲ ಗಂಟೆ ಚೆನ್ನಾಗಿಯೇ ಓಡಿದಳು. ಆಮೇಲೆ ಬೆವರು ನಿಂತಿತು. ಆ ಬಿಸಿಲಲ್ಲಿ ಬೆವರದ ಕುದುರೆ. ಕುತ್ತಿಗೆ ಮುಟ್ಟಿದರೆ ಒಣ ಕಾವಲಿ. ಚರ್ಮ ಚಿವುಟಿದೆ — ಮಡಚಿದ ಬಟ್ಟೆಯ ಹಾಗೆ ನಿಂತೇ ಇತ್ತು.

ನಿಂತು ಉಚ್ಚೆ ಹೊಯ್ದಳು. ಕಾಫಿ ಬಣ್ಣ.

ಇಳಿದೆ. ಇನ್ನು ಹತ್ತುವುದಿಲ್ಲ ಎಂದು ಅವಳಿಗೆ ಹೇಳಿದೆ, ಜೋರಾಗಿ, ಹುಚ್ಚಿಯ ಹಾಗೆ. ಎರಡನೆಯವನು ಪಕ್ಕದಲ್ಲೇ ಹೋದ, ಕೈ ಎತ್ತಿದ, ನಿಲ್ಲಲಿಲ್ಲ. ಆಮೇಲೆ ಪಡುವಣದಲ್ಲಿ ಕಂದು ಗೋಡೆಯೊಂದು ಎದ್ದಿತು. ನೋಡುತ್ತಿದ್ದಂತೆ ಬಾವುಟಗಳು ಒಂದೊಂದಾಗಿ ಅದರೊಳಗೆ ಹೋದವು. ಲಗಾಮು ಹಿಡಿದು ಎಳೆದೆ, ಬೇಡಿದೆ, ತಳ್ಳಿದೆ. ಶೆಡ್ ಸಿಕ್ಕಿದ್ದು ಗೋಡೆಗೆ ಭುಜ ಬಡಿದಾಗ.

ಸ್ವಲ್ಪ ಹೊತ್ತಿಗೆ ಧೂಳಿನಿಂದ ಸೋಮಾರಿಯ ಮೂತಿ ಬಂತು, ಹಿಂದೆ ಮೇಷ್ಟ್ರು, ಮುಖಕ್ಕೆ ಪಂಜೆ ಸುತ್ತಿಕೊಂಡು.

"ಇಳಿದುಬಿಟ್ರಾ?" ಎಂದರು.

"ಇಳಿದೆ ಮೇಷ್ಟ್ರೇ. ತಡವಾಗಿ."

ಏನು, ಯಾಕೆ ಎಂದು ಕೇಳಲಿಲ್ಲ. ಅವರ ಬಾಟಲಿಯ ನೀರಿನಿಂದ ಬೂದಿಯ ನಾಲಿಗೆ ಒರೆಸಿದರು. ಆಗ ನಾನೇ ಹೇಳಿದೆ. ಪೇಸ್ಟಿನ ವಿಷಯ, ನಿನ್ನೆಯ ವಿಷಯ, ಎಲ್ಲ. ಮೇಷ್ಟ್ರು ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದರು.

"ಗಾಳಿ ನಿಂತ ತಕ್ಷಣ ನಡೆಯೋಣ," ಎಂದರು. "ಡಾಕ್ಟರಿಗೆ ಇದನ್ನ ಮೊದಲ ಮಾತಾಗಿ ಹೇಳ್ಬೇಕು. ಹೇಳ್ತೀರಿ ತಾನೇ?"

ಹೂಂ ಎಂದೆ.

ಫೋನಿಗೆ ಸಿಗ್ನಲ್ ಇಲ್ಲ. ತಮ್ಮ ತಪಾಸಣೆಯ ಜಾಗದಲ್ಲಿ ಕಾಯುತ್ತಿರುತ್ತಾನೆ. ನಾನು ಮುಂದೆ ಬರುತ್ತೇನೆಂದು ಕಣ್ಣಲ್ಲಿ ಕಣ್ಣಿಟ್ಟು.

ಬೂದಿ ತಲೆ ಕೆಳಗೆ ಹಾಕಿದ್ದಾಳೆ. ಮಲಗಲು ಬಿಡಬಾರದಂತೆ.

ಮೇ ೧೦, ಬೆಳಕು ಹರಿಯುವಾಗ

ಎರಡೇ ಮಾತು, ಕುದುರೆ ಸಿದ್ಧವಾಗುವಷ್ಟರಲ್ಲಿ.

ತಪಾಸಣೆಯ ಕ್ಯಾಂಪಿಗೆ ನಡೆದೇ ಬಂದೆವು. ಬೂದಿಗೆ ಎರಡೂ ಕಡೆ ಡ್ರಿಪ್. ಡಾಕ್ಟರಮ್ಮನಿಗೆ ಮೊದಲ ಮಾತಾಗಿ ಅದನ್ನೇ ಹೇಳಿದೆ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಸೂಜಿ ಒಂದು ಕ್ಷಣ ನಿಂತಿತು. "ನೀರಿಲ್ಲದೆ ಒಣಗಿದ ಮೈಗೆ ಆ ಔಷಧಿ ಕೊಟ್ರೆ ಕಿಡ್ನಿ ನಿಂತುಹೋಗುತ್ತೆ. ನೋಡೋಣ," ಎಂದರು. ನೋಡೋಣ ಎನ್ನುವಾಗ ನನ್ನನ್ನು ನೋಡಲಿಲ್ಲ.

ತಮ್ಮ ಇಲ್ಲಿಲ್ಲ.

ನಾನು ಬರಲಿಲ್ಲವೆಂದು ಜೀಪ್ ತೆಗೆದುಕೊಂಡು ಹೋದನಂತೆ, ಧೂಳು ಇನ್ನೂ ಎದ್ದಿರುವಾಗಲೇ. ಚೀಫ್ ತಡೆದರಂತೆ. "ನನ್ನಕ್ಕ ಅಲ್ಲಿದ್ದಾಳೆ, ದಾರಿ ಬಿಡ್ರಿ" ಎಂದು ಗೋಲು ಎತ್ತಿದನಂತೆ. ಬಾವುಟಗಳೆಲ್ಲ ಕಿತ್ತು ಹೋಗಿದ್ದವು. ನಾವು ಒಂದು ಕಡೆಯಿಂದ ಬಂದೆವು, ಅವನು ಇನ್ನೊಂದು ಕಡೆಯಿಂದ ಹೋದ.

ಆಮೇಲೆ ಮಳೆ. ಉಪ್ಪೆಲ್ಲ ಕೆಸರು. ಎರಡು ಗಾಡಿ ಹೋಗಿ ಹೂತುಕೊಂಡವು. ಇನ್ನು ಕುದುರೆಗಳೇ ಹೋಗಬೇಕು. ದಣಿಯದೆ ಉಳಿದವು ನಾಲ್ಕೈದೇ. ಅದರಲ್ಲೊಂದು ಸೋಮಾರಿ.

ಮೇಷ್ಟ್ರು ಜೀನು ಬಿಗಿದು ಲಗಾಮು ನನ್ನ ಕೈಗೆ ಕೊಟ್ಟರು. "ನನ್ನ ಮಂಡಿ ಏಳ್ತಿಲ್ಲಮ್ಮ. ಅವನು ನಿಧಾನ, ಆದ್ರೆ ನಿಲ್ಲಲ್ಲ."

ಬೂದಿಯ ಕಿವಿ ಮುಟ್ಟಿದೆ. ತಣ್ಣಗಿದೆ.

ಮೇ ೧೩

ಆಸ್ಪತ್ರೆಯ ಕಾರಿಡಾರ್. ಹಸಿರು ಬಣ್ಣದ ಬೆಂಚು. ಮೂರು ದಿನ ಪೆನ್ನು ಹಿಡಿಯಲಾಗಲಿಲ್ಲ, ಅಂಗೈ ಪೂರ ಬೊಬ್ಬೆ. ಅದೊಂದು ನೆಪ.

ಬರೆದುಬಿಡುತ್ತೇನೆ.

ಬಯಲು ಕನ್ನಡಿಯಾಗಿತ್ತು. ಎರಡು ಬೆರಳು ನೀರು, ಅದರಲ್ಲಿ ಇಡೀ ಆಕಾಶ. ನಾವು ಐವರು ಸಾಲಾಗಿ ಹರಡಿಕೊಂಡು ಹೋದೆವು. ಕೂಗಿದರೆ ಕೂಗು ಎಲ್ಲಿಗೂ ತಾಗದೆ ಹೋಗುತ್ತಿತ್ತು. ಸೋಮಾರಿ ಪ್ರತಿ ಕಾಲನ್ನೂ ಕೆಸರಿಂದ ಕಿತ್ತು, ನೋಡಿ, ಇಟ್ಟ. ಹೊಡೆದು ಓಡಿಸಬೇಕೆನಿಸಿತು. ಹೊಡೆಯಲಿಲ್ಲ. ಈ ಸಲ ಕುದುರೆಯ ಮಾತು ಕೇಳಿದೆ.

ಮೊದಲು ಸಿಕ್ಕಿದ್ದು ಜೀಪ್. ಅಚ್ಚಿನವರೆಗೆ ಹೂತಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ನೀರಿನ ಕ್ಯಾನ್ ಇಲ್ಲ. ಪಕ್ಕದಲ್ಲಿ ಹೆಜ್ಜೆ — ಒಂದು ಪೂರ್ತಿ, ಒಂದು ಎಳೆದ ಗೆರೆ, ಪಕ್ಕದಲ್ಲಿ ಗೋಲು ಊರಿದ ಗುಂಡಿ. ಕ್ಯಾಂಪಿನ ಕಡೆಗಲ್ಲ. ಉಪ್ಪಿನ ಶೆಡ್ಡಿನ ಕಡೆಗೆ. ಅಲ್ಲಿರುತ್ತೇನೆಂದು ಸರಿಯಾಗಿಯೇ ಊಹಿಸಿದ್ದ.

ಒಂದು ಕಡೆ ಗೋಲಿನ ಗುಂಡಿ ನಿಂತುಹೋಗಿತ್ತು. ಮುರಿದ ಗೋಲು ಅಲ್ಲೇ. ಅಲ್ಲಿಂದ ಮುಂದೆ ಅಂಗೈಗಳ ಗುರುತು.

ಇಳಿದು, ಲಗಾಮು ಹಿಡಿದು ಆ ಗುರುತುಗಳ ಹಿಂದೆಯೇ ಹೋದೆ.

ಶೆಡ್ಡಿನ ಗೋಡೆಗೆ ಒರಗಿ ಕೂತಿದ್ದ. ತುಟಿ ಸೀಳಿತ್ತು, ಕಣ್ಣಿನ ರೆಪ್ಪೆ ಉಪ್ಪಿನಿಂದ ಅಂಟಿತ್ತು. ಕ್ಯಾನ್ ಪಕ್ಕದಲ್ಲೇ. ಅಲ್ಲಾಡಿಸಿದೆ, ಅರ್ಧ ತುಂಬಿತ್ತು!

"ಯಾಕೋ ಕುಡೀಲಿಲ್ಲ?"

"ಅವಳಿಗೆ," ಎಂದ. ದನಿಯೇ ಇಲ್ಲ, ಬರೀ ಉಸಿರು. "ಬೂದಿ?"

"ಕ್ಯಾಂಪಲ್ಲಿದ್ದಾಳೆ. ಡ್ರಿಪ್ ಹಾಕಿದ್ದಾರೆ."

ಅದು ನಿಜವೇ. ಆ ಹೊತ್ತಿಗೆ ನನಗೆ ಗೊತ್ತಿದ್ದ ನಿಜ.

ಸೋಮಾರಿಯ ಬೆನ್ನ ಮೇಲೆ ಅಡ್ಡ ಹಾಕಿ ಕಟ್ಟಿ ತಂದೆವು. ದಾರಿಯುದ್ದಕ್ಕೂ ಅವನ ಕೈ ಹಿಡಿದು ನಡೆದೆ. ಕ್ಯಾಂಪಿನಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಡಾಕ್ಟರಮ್ಮ ದೂರದಿಂದಲೇ ನನ್ನನ್ನು ನೋಡಿ ತಲೆ ತಗ್ಗಿಸಿದರು. ಟ್ರೈಲರುಗಳ ಹಿಂದೆ ನೀಲಿ ಟಾರ್ಪಾಲು. ಕೆಳಗಿಂದ ಒಂದು ಗೊರಸು ಕಾಣುತ್ತಿತ್ತು, ಲಾಳ ಹೊಸದು.

ನಾವು ಹೋದ ಸ್ವಲ್ಪ ಹೊತ್ತಿಗೇ ಬಿದ್ದಳಂತೆ. ಒದ್ದಾಡಿದಳಂತೆ. ಅವರು ಸೂಜಿ ಚುಚ್ಚಿ ಮಲಗಿಸಿದರು. "ಬೇರೆ ದಾರಿ ಇರಲಿಲ್ಲ," ಎಂದರು. ಅವರೂ ಅತ್ತಿದ್ದರು.

ಸ್ಟ್ರೆಚರಿನಿಂದ ತಮ್ಮ ಕೂಗಿದ. "ಅಕ್ಕ, ಒಂದ್ಸಲ ನೋಡ್ಬೇಕು ಅವಳನ್ನ."

"ಮಲಗಿದ್ದಾಳೆ. ಎಬ್ಬಿಸ್ಬೇಡ," ಎಂದೆ.

ಅವನು ನಂಬಿದ. ಕಣ್ಣು ಮುಚ್ಚಿದ.

ಮೇ ೧೫

ಅಮ್ಮ ಬಂದಿದ್ದಾರೆ. ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಸೆರಗಿನಿಂದ ನನ್ನ ಅಂಗೈ ಒರೆಸಿದರು, ಬೊಬ್ಬೆಗಳನ್ನು ಒಂದೊಂದಾಗಿ ನೋಡಿದರು. "ಅವನಿಗೆ ನಾನು ಹೇಳ್ಲಾ?" ಎಂದರು. ಬೇಡ ಎಂದೆ.

ದಿನವೂ ಕೇಳುತ್ತಾನೆ. ಮೇಯ್ತಿದ್ದಾಳಾ? ಕಾಲು ಊರ್ತಾಳಾ? ಹೂಂ. ಹೂಂ. ಒಂದೊಂದು ಹೂಂಗೂ ಮುಂದಿನ ಮಾತು ಇನ್ನಷ್ಟು ದೂರ ಹೋಗುತ್ತಿದೆ. ಲಾಯ ಗುಡಿಸಿ ಹುಲ್ಲು ಹಾಸಲು ಯಾರಿಗಾದರೂ ಹೇಳು ಎಂದ. ಆಯಿತು ಎಂದೆ.

ಇವತ್ತು ಸೊಂಟದ ನೋವು ತಡೆಯಲಾರದೆ ಡಾಕ್ಟರರನ್ನು ಕೇಳಿದ — ನೋವಿಗೆ ಏನಾದ್ರೂ ಕೊಡಿ ಸಾರ್, ಗಟ್ಟಿಯಾದ್ದು. ಡಾಕ್ಟರು ಚಾರ್ಟ್ ನೋಡುತ್ತ ಹೇಳಿದರು. "ಸದ್ಯಕ್ಕೆ ಆಗಲ್ಲಪ್ಪ. ಮೈಯಲ್ಲಿ ನೀರೇ ಇರಲಿಲ್ಲ ನಿಂದು. ಒಣಗಿದ ಮೈಗೆ ಆ ಮಾತ್ರೆ ಕೊಟ್ರೆ ಕಿಡ್ನಿ ಕೆಟ್ಟುಹೋಗುತ್ತೆ. ಮನುಷ್ಯ ಆದ್ರೇನು, ಕುದುರೆ ಆದ್ರೇನು." ಕುದುರೆಯವನೆಂದು ಗೊತ್ತಿತ್ತು, ನಗಿಸಲು ಹಾಗೆಂದರು.

ತಮ್ಮ ನಗಲಿಲ್ಲ. ಡಾಕ್ಟರು ಹೋದ ಮೇಲೂ ಅವರು ನಿಂತಿದ್ದ ಜಾಗವನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ಕಣ್ಣು ಹೊರಳಿಸಿದ. ನಾನು ಬಾಟಲಿಗೆ ನೀರು ತುಂಬಿಸುವ ನೆಪದಲ್ಲಿ ಎದ್ದೆ.

ವಾಪಸ್ ಬಂದಾಗ ಗೋಡೆಯ ಕಡೆ ತಿರುಗಿದ್ದ.

ಮೇ ೧೭, ಬೆಳಿಗ್ಗೆ

ಎರಡು ದಿನದಿಂದ ಬೂದಿಯ ಹೆಸರೆತ್ತಿಲ್ಲ. ಊಟ ಬಿಟ್ಟಿದ್ದಾನೆ. ಅಮ್ಮ ತಿನ್ನಿಸಲು ಹೋದರೆ ಬಾಯಿ ತೆರೆಯುತ್ತಾನೆ, ನುಂಗುವುದಿಲ್ಲ.

ಮೇಷ್ಟ್ರು ನೋಡಲು ಬಂದಿದ್ದರು. ಸೋಮಾರಿಯ ತುಂಟತನ ಹೇಳಿದರು, ರೇಸ್ ಅರ್ಧಕ್ಕೆ ನಿಲ್ಲಿಸಿದ್ದು ಹೇಳಿದರು, ಹವಾಮಾನ ಹೇಳಿದರು. ತಮ್ಮ ಎಲ್ಲಕ್ಕೂ ತಲೆಯಾಡಿಸಿದ. ಬಾಗಿಲವರೆಗೆ ಬಿಡಲು ಹೋದಾಗ ಮೇಷ್ಟ್ರು ಕೇಳಿದರು, "ಇನ್ನೂ ಹೇಳಿಲ್ವಾ?" ಇಲ್ಲ ಎಂದೆ. "ಅವನಿಗೆ ಗೊತ್ತಾಗಿದೆಯಮ್ಮ. ಕೇಳಿದ್ರೆ ನಿಜ ಆಗಿಬಿಡುತ್ತೆ ಅಂತ ಕೇಳ್ತಿಲ್ಲ, ಅಷ್ಟೇ."

ಹೌದು. ಅವನು ಕೇಳುತ್ತಿಲ್ಲ, ನಾನು ಹೇಳುತ್ತಿಲ್ಲ, ನಡುವೆ ಅವಳು ನಿಂತೇ ಇದ್ದಾಳೆ.

ಅದೇ ದಿನ, ಸಂಜೆ

ಈಗ ತಾನೇ ಕೇಳಿದ. ಕಣ್ಣು ಮುಚ್ಚಿಕೊಂಡೇ.

"ಅಕ್ಕ. ಕೊನೆಗಾದ್ರೂ ನೀರು ಕುಡಿದಳಾ?"

ಕೈಯಲ್ಲಿ ಲೋಟ ಇತ್ತು. ಇಟ್ಟೆ.  ಮುಖ ತೊಳೆದು ಬರ್ತೀನಿ ಎಂದು ಹೊರಗೆ ಬಂದು ಈ ಬೆಂಚಿನ ಮೇಲೆ ಕೂತಿದ್ದೇನೆ. ಅಮ್ಮ ಒಳಗಿಂದ ನೋಡುತ್ತಿದ್ದಾರೆ. ಅವನ ದನಿ ಕೇಳಿಸುತ್ತಿದೆ, ಅಕ್ಕ ಎಲ್ಲಿ, ಅಕ್ಕನ್ನ ಕರಿ.

ಹೋಗಬೇಕು. ಬಾಗಿಲು ಹಾಕಿಕೊಳ್ಳಬೇಕು. ಅವನೊಬ್ಬನೇ ಅಲ್ಲ, ಗೊತ್ತಿದ್ದೂ ಹತ್ತಿದವಳು ನಾನು — ಮೊದಲು ಅದನ್ನು ಹೇಳಬೇಕು. ಆಮೇಲೆ ನೀಲಿ ಟಾರ್ಪಾಲಿನ ವಿಷಯ.